ಹಗಲು ಮಲಗಿದ ಮೀನು

ಚಿಕ್ಕಮ್ಮ ನಮ್ಮ ಮನೆಯ ಹೊಸ್ತಿಲಲ್ಲಿ ಬಲಗಾಲಿನಿಂದ ಅಕ್ಕಿಯ ಸೇರು ಒದ್ದು ಒಳಗೆ ಬಂದಾಗ ಅವಳ ಕೈಯಲ್ಲಿ ಒಂದು ಗಾಜಿನ ಬಾಟಲಿ ಇತ್ತು, ಬಾಟಲಿಯೊಳಗೆ ಒಂದು ನೀಲಿ ಮೀನು ಇತ್ತು ಎಂದು ನನ್ನ ನೆನಪು ಹೇಳುತ್ತದೆ. ಇದು ನಿಜವಿರಲಾರದು. ಮದುಮಗಳ ಕೈಗೆ ಮೀನಿನ ಬಾಟಲಿ ಕೊಟ್ಟು ಮನೆ ತುಂಬಿಸಿಕೊಳ್ಳುವ ಜನರನ್ನು ಶಿಕಾರಿಪುರದಲ್ಲಿ ನಾನಂತೂ ಕಂಡಿಲ್ಲ. ಮೀನು ಬಂದದ್ದು ಆಮೇಲೆ, ಚಿಕ್ಕಮ್ಮ ಮೊದಲ ಸಲ ತವರಿಗೆ ಹೋಗಿ ಬಂದಾಗ, ಎಂದು ಅಮ್ಮ ಹೇಳುತ್ತಾಳೆ. ಅದನ್ನು ಶಿವಮೊಗ್ಗದ ಅಂಗಡಿಯಿಂದ ತಂದವನೇ ತಾನು ಎಂದು ಚಿಕ್ಕಪ್ಪ ಹೇಳುತ್ತಾನೆ. ಯಾರು ತಂದರೇನು, ದಿನಾ ಅದರ ನೀರು ಚೆಲ್ಲಿದವರು ಯಾರು ಅಂತ ಕೇಳು ಎಂದು ಚಿಕ್ಕಮ್ಮ ನಗುತ್ತಾಳೆ. ಒಂದೇ ಮನೆಯಲ್ಲಿ, ಒಂದೇ ಬಾಟಲಿಯನ್ನು ನೋಡಿದ ನಾಲ್ವರು ನಾವು. ಮೀನಿನ ಬಣ್ಣ ನೀಲಿ ಎಂಬುದೊಂದರಲ್ಲಿ ಮಾತ್ರ ನಾಲ್ವರೂ ಒಂದಾಗಿದ್ದೇವೆ. ಅದರಲ್ಲೂ ಬಾಲ ಕೆಂಪಗಿತ್ತು ಎಂದು ನಾನು ಹೇಳಿದರೆ ಅಮ್ಮ ತಲೆ ಅಲ್ಲಾಡಿಸುತ್ತಾಳೆ.

ಆದರೂ ಈ ಅಧ್ಯಾಯವನ್ನು ಬರೆಯುತ್ತಿದ್ದೇನೆ, ಯಾಕೆಂದರೆ ನಮ್ಮ ಬಳಗದಲ್ಲಿ ಈ ಕತೆಗೆ ಒಂದು ಅಧಿಕೃತ ರೂಪ ಬಂದುಬಿಟ್ಟಿದೆ. ಮದುವೆ, ನಾಮಕರಣ, ಯಾವುದೇ ನೆವಕ್ಕೆ ನಾಲ್ಕು ಜನ ಸೇರಿ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡರೆ ಸಾಕು, ಯಾರಾದರೂ ಅದನ್ನು ಎತ್ತುತ್ತಾರೆ. ಹೊಸ ಸೊಸೆಗೆ ಕೆಟ್ಟ ದೃಷ್ಟಿ ತಾಗಿತ್ತು, ಆ ದೃಷ್ಟಿಯ ಅರ್ಧವನ್ನು ಮೀನು ತನ್ನ ಮೇಲೆ ಎಳೆದುಕೊಂಡಿತ್ತು, ಇಬ್ಬರೂ ಎದ್ದು ಓಡಾಡದ ಹಾಗೆ ಮಂಕಾಗಿದ್ದರು, ಅಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು, ಮೀನು ಎದ್ದಿತು, ಸೊಸೆಯೂ ಎದ್ದಳು. ಇದು ಅವರ ಕತೆ. ನಾನು ಪ್ರತಿ ಸಲವೂ ಅಲ್ಲ ಎನ್ನುತ್ತೇನೆ. ನಿನಗೆ ಓದು ಜಾಸ್ತಿಯಾಯಿತು ಎಂದು ಅವರು ಪ್ರತಿ ಸಲವೂ ಹೇಳುತ್ತಾರೆ. ಆಗಿರಬಹುದು. ವಿಶ್ವವಿದ್ಯಾಲಯದಲ್ಲಿ ಕಲಿತದ್ದರಲ್ಲಿ ಹೆಚ್ಚಿನದು ನನಗೆ ಮರೆತುಹೋಗಿದೆ. ಒಂದರ ಹಿಂದೆ ಇನ್ನೊಂದು ನಡೆಯಿತು ಎಂದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವಲ್ಲ ಎಂಬ ಒಂದು ಮಾತು ಮಾತ್ರ ಮುಳ್ಳಿನ ಹಾಗೆ ಒಳಗೆ ಉಳಿದಿದೆ. ಆ ಮುಳ್ಳು ನಮ್ಮ ಬಳಗದ ಕತೆಗೆ ಚುಚ್ಚುವಷ್ಟೇ ನನ್ನ ಕತೆಗೂ ಚುಚ್ಚುತ್ತದೆ. ಅದು ಗೊತ್ತಿದ್ದೇ ಹೇಳುತ್ತಿದ್ದೇನೆ.

ನಮ್ಮದು ಗಿರಣಿ ಮನೆ. ಬೀದಿಗೆ ಮುಖ ಮಾಡಿದ ಮುಂದಿನ ಅಂಕಣದಲ್ಲಿ ಹಿಟ್ಟಿನ ಗಿರಣಿ, ಅದರ ಹಿಂದೆ ನಡುಮನೆ, ಅದರ ಹಿಂದೆ ಅಡುಗೆಮನೆ ಮತ್ತು ಬಚ್ಚಲು. ಮೂರೂ ಒಂದೇ ಸಾಲಿನಲ್ಲಿ ಇದ್ದದ್ದರಿಂದ ಗಿರಣಿ ತಿರುಗಿದರೆ ದೇವರ ಗೂಡಿನ ಗಂಟೆಯೂ ಸಣ್ಣಗೆ ನಡುಗುತ್ತಿತ್ತು. ನಮ್ಮ ರೆಪ್ಪೆಗಳ ಮೇಲೆ, ಪಾತ್ರೆಗಳ ಅಂಚಿನಲ್ಲಿ, ನನ್ನ ಶಾಲೆಯ ಪುಸ್ತಕಗಳ ಒಳಗೆ ಹಿಟ್ಟು. ಊರಿನ ಹೆಂಗಸರು ಜೋಳ, ಅಕ್ಕಿ, ರಾಗಿ ತುಂಬಿದ ಡಬ್ಬಿಗಳನ್ನು ತಂದು ಸಾಲಾಗಿ ಇಟ್ಟು ಹೋಗುತ್ತಿದ್ದರು. ಯಾವ ಡಬ್ಬಿ ಯಾರದು ಎಂದು ಅಪ್ಪನಿಗೆ ಮುಚ್ಚಳ ನೋಡಿಯೇ ಗೊತ್ತಾಗುತ್ತಿತ್ತು. ಕರೆಂಟು ಇರುವಷ್ಟು ಹೊತ್ತು ಅಪ್ಪ ಮತ್ತು ಚಿಕ್ಕಪ್ಪ ಬೀಸುತ್ತಿದ್ದರು. ಕರೆಂಟು ಹೋದರೂ ಕೈ ಖಾಲಿ ಇರಬಾರದು. ಸವೆದ ಗಿರಣಿ ಕಲ್ಲನ್ನು ಬಿಚ್ಚಿ ಉಳಿಯಿಂದ ಕುಟ್ಟಿ ಹಲ್ಲು ಮೂಡಿಸಬೇಕು, ಬೆಲ್ಟಿಗೆ ರಾಳ ಹಚ್ಚಬೇಕು, ಕಾಳು ಹಸನು ಮಾಡಬೇಕು. ಬೆಳಕು ಇರುವಾಗ ಬೆನ್ನು ನೆಲಕ್ಕೆ ತಾಗಕೂಡದು ಎಂಬುದು ಅಜ್ಜಿಯ ಕಾನೂನು. ಅಜ್ಜ ತೀರಿಕೊಂಡ ಮೇಲೆ ಇಬ್ಬರು ಗಂಡುಮಕ್ಕಳನ್ನೂ ಗಿರಣಿಯನ್ನೂ ಒಂಟಿಯಾಗಿ ಎಳೆದುಕೊಂಡು ಬಂದವಳು ಅವಳು. ಹಗಲು ಮಲಗುವುದನ್ನು ಅವಳು ಕಳ್ಳತನದ ಪಕ್ಕದಲ್ಲೇ ಇಟ್ಟಿದ್ದಳು. ನನಗೆ ಜ್ವರ ಬಂದಾಗಲೂ ಗೋಡೆಗೆ ಒರಗಿಸಿ ಕೂರಿಸುತ್ತಿದ್ದಳು.

ಅವಳ ಎರಡನೆಯ ಕಾನೂನು ತಂಗಳಿನದು. ನಿನ್ನೆಯದು ಯಾವುದೂ ಇವತ್ತಿಗೆ ಉಳಿಯಬಾರದು. ಅನ್ನ ಉಳಿದರೆ ಪಕ್ಕದ ಮನೆಯ ಎಮ್ಮೆಗೆ. ನೀರು ಉಳಿದರೆ ತುಳಸಿಗೆ, ಬಾಳೆ ಬುಡಕ್ಕೆ. ಬೆಳಗಿನ ಜಾವ ನಲ್ಲಿಯಲ್ಲಿ ನೀರು ಬರುವ ಸದ್ದಾಗುತ್ತಲೇ ಅವಳು ಎದ್ದು ಕೊಡ, ತಂಬಿಗೆ, ಕುಡಿಯುವ ನೀರಿನ ಹಿತ್ತಾಳೆ ಹಂಡೆ ಎಲ್ಲವನ್ನೂ ಬೋರಲು ಹಾಕಿ, ಹುಣಸೆಹಣ್ಣು ಹಚ್ಚಿ ತಿಕ್ಕಿ, ಹೊಸ ನೀರು ಹಿಡಿಯುತ್ತಿದ್ದಳು. ಒಂದು ಲೋಟದ ತಳದಲ್ಲಿ ಹಳೆಯ ನೀರು ಕಂಡರೂ ಇದು ಯಾರ ಸೋಮಾರಿತನ ಎಂದು ಮನೆಯೆಲ್ಲ ಕೇಳುವ ಹಾಗೆ ಕೇಳುತ್ತಿದ್ದಳು. ಸೋಮಾರಿ ಎಂಬುದು ನಮ್ಮ ಮನೆಯಲ್ಲಿ ಬೈಗುಳವಲ್ಲ, ತೀರ್ಪು. ಒಮ್ಮೆ ಬಿದ್ದರೆ ಅದರ ಮೇಲೆ ಅಪೀಲು ಇರಲಿಲ್ಲ.

ಈ ಮನೆಗೆ ಬಂದವಳು ಚಿಕ್ಕಮ್ಮ. ಆನವಟ್ಟಿಯ ಹತ್ತಿರದ ಹಳ್ಳಿಯವಳು, ಆದ್ದರಿಂದ ಅಜ್ಜಿಯ ಬಾಯಲ್ಲಿ ಆನವಟ್ಟಿಯವಳು. ಸೊರಬದ ಕಡೆಯ ಅವಳ ಮಾತಿನಲ್ಲಿ ಎಂತ, ಎಂತಕ್ಕೆ ಎಂಬವು ಬಂದಾಗಲೆಲ್ಲ ಗಿರಣಿಗೆ ಬಂದ ಹೆಂಗಸರು ನಗುತ್ತಿದ್ದರು. ಅವಳೂ ಅವರ ಐತಿ, ಹೋಗತತಿ ಕೇಳಿ ನಗುತ್ತಿದ್ದಳು. ಮೀನನ್ನು ಯಾರೇ ತಂದಿರಲಿ, ಅದು ಅವಳದಾಗಿತ್ತು. ಪುಸ್ತಕದಲ್ಲಿ ಅದರ ಹೆಸರು ಬೆಟ್ಟಾ, ನಮ್ಮಲ್ಲಿ ಎಲ್ಲರಿಗೂ ಫೈಟರ್. ಮೀನು ಬೇಯಿಸದ ಮನೆಗೆ ಮೀನು ಬಂತಲ್ಲ ಎಂದು ಅಜ್ಜಿ ಮೊದಲ ದಿನ ಮೂಗು ಮುಚ್ಚಿಕೊಂಡು ಹತ್ತಿರ ಹೋಗಿ, ಆಮೇಲೆ ಕೈ ತೆಗೆದು ಮೂಸಿದಳು. ವಾಸನೆ ಇಲ್ಲ ಎಂದು ಗೊತ್ತಾದ ಮೇಲೆ ನಡುಮನೆಯ ಕಿಟಕಿಯ ಕಡಪ ಕಲ್ಲಿನ ಮೇಲೆ ಜಾಗ ಕೊಟ್ಟಳು. ಆಮೇಲೆ ಅದನ್ನು ಎಲ್ಲರಿಗಿಂತ ಹೆಚ್ಚು ನೋಡಿಕೊಂಡವಳೂ ಅವಳೇ. ನಾನು ಅಪ್ಪನ ಕ್ಷೌರದ ಕನ್ನಡಿಯನ್ನು ಬಾಟಲಿಯ ಮುಂದೆ ಹಿಡಿದರೆ ಮೀನು ತನ್ನದೇ ನೆರಳಿನ ಮೇಲೆ ಸಿಟ್ಟಾಗಿ ಕಿವಿರು ಅರಳಿಸಿ, ರೆಕ್ಕೆ ಬಿಚ್ಚಿ, ತನ್ನ ಎರಡರಷ್ಟು ಆಗುತ್ತಿತ್ತು. ಹಿಟ್ಟು ಒಯ್ಯಲು ಬಂದವರು ಅದನ್ನು ನೋಡಲೆಂದೇ ಒಳಗೆ ಇಣುಕುತ್ತಿದ್ದರು. ಅಜ್ಜಿ ಕೂಡ ಸೆರಗಿನ ಮರೆಯಲ್ಲಿ ನಗುವುದನ್ನು ನಾನು ನೋಡಿದ್ದೇನೆ. ಇದನ್ನು ಖಂಡಿತ ನೋಡಿದ್ದೇನೆ.

ಚಳಿ ಶುರುವಾದ ಮೇಲೆ ಮೀನು ಮಲಗಿತು. ಸತ್ತಿರಲಿಲ್ಲ. ಬಾಟಲಿಯ ತಳದಲ್ಲಿ ಒಂದು ಬದಿಗೆ ವಾಲಿಕೊಂಡು, ರೆಕ್ಕೆಗಳನ್ನು ಮಡಚಿ ಮೈಗೆ ಅಂಟಿಸಿಕೊಂಡು ಬಿದ್ದಿರುತ್ತಿತ್ತು. ಆಗಾಗ ಬಹಳ ಕಷ್ಟಪಟ್ಟು ಮೇಲೆ ಬಂದು ಒಂದು ಗುಟುಕು ಗಾಳಿ ನುಂಗಿ, ಕೈಬಿಟ್ಟ ಹುಣಸೆ ಬೀಜದ ಹಾಗೆ ಕೆಳಗೆ ಇಳಿಯುತ್ತಿತ್ತು. ಹಾಕಿದ ಆಹಾರದ ಕಾಳು ನೀರಿನ ಮೇಲೆ ತೇಲಿ ಊದಿಕೊಳ್ಳುತ್ತಿತ್ತು. ಕನ್ನಡಿ ಹಿಡಿದರೆ ತಿರುಗಿಯೂ ನೋಡಲಿಲ್ಲ. ನೀಲಿ ಬಣ್ಣ ಹಳೆಯ ಸೀಸದ ಬಣ್ಣವಾಯಿತು. ಜೋಳ ಬೀಸಿಸಲು ಬರುತ್ತಿದ್ದ ಒಬ್ಬ ಮುದುಕ, ಹರೆಯದಲ್ಲಿ ಕುಸ್ತಿ ಆಡಿದವನಂತೆ, ಬಾಟಲಿಯೊಳಗೆ ಬಗ್ಗಿ ನೋಡಿ ಹೇಳಿದ:

"ಏನಪಾ ತಮ್ಮಾ, ನಿಮ್ಮ ಪೈಲ್ವಾನ ಅಖಾಡದಾಗೇ ನಿದ್ದೆ ಹೊಡೀತಾನಲ್ಲ."

ಎಲ್ಲರೂ ನಕ್ಕರು. ಅಜ್ಜಿ ನಗಲಿಲ್ಲ. ಅವಳು ತನ್ನ ಕೈಲಾದ ಅತ್ಯಂತ ಅಕ್ಕರೆಯ ಕೆಲಸ ಮಾಡಿದಳು. ಅಲ್ಲಿಯವರೆಗೆ ಚಿಕ್ಕಮ್ಮ ವಾರಕ್ಕೊಮ್ಮೆ ಬದಲಾಯಿಸುತ್ತಿದ್ದ ಬಾಟಲಿಯ ನೀರನ್ನು ತಾನೇ ಪ್ರತಿದಿನ ಬೆಳಗಿನ ಜಾವ ಬದಲಾಯಿಸತೊಡಗಿದಳು. ಮೀನನ್ನು ಲೋಟಕ್ಕೆ ಹಾಕಿ, ಬಾಟಲಿ ತಿಕ್ಕಿ ತೊಳೆದು, ಆಗಷ್ಟೇ ನಲ್ಲಿಯಿಂದ ಹಿಡಿದ, ಬ್ಲೀಚಿಂಗ್ ಪೌಡರ್ ವಾಸನೆಯ ತಣ್ಣನೆಯ ನೀರು ತುಂಬಿ, ಮೀನನ್ನು ಅದರೊಳಗೆ ಬಿಡುತ್ತಿದ್ದಳು. ನೀರು ಒಂದು ದಿನ ಇಟ್ಟು ಹಾಕಬೇಕಂತೆ ಅತ್ತೆ ಎಂದು ಚಿಕ್ಕಮ್ಮ ಮೆಲ್ಲಗೆ ಹೇಳಿ ನೋಡಿದಳು. ಅಜ್ಜಿಯ ಉತ್ತರ ನನಗೆ ಅಕ್ಷರಶಃ ನೆನಪಿದೆ, ಅಥವಾ ನೆನಪಿದೆ ಎಂದು ನಂಬಿದ್ದೇನೆ:

"ನಾವೇ ತಂಗಳ ನೀರು ಕುಡಿಯಂಗಿಲ್ಲ. ಬಾಯಿಲ್ಲದ ಪ್ರಾಣಿಗೆ ಅದನ್ನ ಕುಡಿಸಿದ್ರೆ ಶಿವ ಮೆಚ್ತಾನೇನು?"

ಇಷ್ಟು ಕರುಣೆಯಿಂದ ಒಂದು ಮೀನನ್ನು ಕೊಲ್ಲಹೊರಟ ಮನೆ ನಮ್ಮದೊಂದೇ ಇರಬೇಕು.

ಅದೇ ತಿಂಗಳುಗಳಲ್ಲಿ ಚಿಕ್ಕಮ್ಮನೂ ಮಂಕಾಗುತ್ತ ಬಂದಳು. ಅದೇ ತಿಂಗಳುಗಳು ಎನ್ನುವುದರ ಬಗ್ಗೆಯೂ ನನಗೆ ಅನುಮಾನವಿದೆ. ಇಷ್ಟು ಚೆನ್ನಾಗಿ ಜೋಡಿಯಾಗುವ ಎರಡು ಸಂಗತಿಗಳನ್ನು ಬೇರೆ ಯಾರಾದರೂ ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ. ಆದರೆ ಈ ವಿಷಯದಲ್ಲಿ ಬಳಗದವರ ಕತೆಯೂ ನನ್ನ ಕತೆಯೂ ಒಂದೇ, ಚಿಕ್ಕಮ್ಮನೂ ಹೌದು ಎನ್ನುತ್ತಾಳೆ. ಬಂದ ಹೊಸದರಲ್ಲಿ ಅಮ್ಮನ ಜೊತೆ ಪೈಪೋಟಿಯ ಮೇಲೆ ರೊಟ್ಟಿ ತಟ್ಟುತ್ತಿದ್ದವಳು ಈಗ ಹಿಟ್ಟು ನಾದುತ್ತ ನಾದುತ್ತ ನಿಂತುಬಿಡುತ್ತಿದ್ದಳು. ಮುಖ ಊದಿಕೊಂಡಿತ್ತು, ದನಿ ಒಡೆದಿತ್ತು, ಬಾಚಿದರೆ ಕೂದಲು ಹಣಿಗೆಯ ತುಂಬ ಬರುತ್ತಿತ್ತು. ಮಧ್ಯಾಹ್ನ ಪಾತ್ರೆ ತೊಳೆದು ಬಂದವಳು ನಡುಮನೆಯ ಮೂಲೆಯಲ್ಲಿ, ಮೀನಿನ ಕಿಟಕಿಯ ಕೆಳಗೆ, ಸೆರಗು ಹೊದ್ದು ಮಲಗಿಬಿಡುತ್ತಿದ್ದಳು. ಅಜ್ಜಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಒಂದು ದಿನ ಗಿರಣಿಯ ಸದ್ದನ್ನೂ ಮೀರಿ ಹೇಳಿದಳು:

"ಹಗಲು ಮಲಗೋ ಮನಿಗೆ ಲಕ್ಷ್ಮಿ ಕಾಲಿಡಂಗಿಲ್ಲ. ನಮ್ಮ ಮನ್ಯಾಗೆ ಈಗ ಎರಡೆರಡು ಮಲಗ್ಯಾವೆ."

ಕಾಲ್ಗುಣ ಎಂಬ ಮಾತು ಆಮೇಲೆ ಬಂತು. ಗಿರಣಿಯ ಬೆಲ್ಟು ಹರಿದಾಗ ಬಂತು, ಮೋಟಾರು ಸುಟ್ಟಾಗ ಇನ್ನೂ ಜೋರಾಗಿ ಬಂತು. ಸೋಮಾರಿತನ ಅಂಟುರೋಗ, ಅದು ಸೊಸೆಯಿಂದ ಮೀನಿಗೆ ಬಂದಿದೆ, ಮೀನಿನಿಂದ ಮೋಟಾರಿಗೆ ಹೋಗಿದೆ ಎನ್ನುವಲ್ಲಿಗೆ ಮಾತು ತಲುಪಿತು. ಕೊನೆಗೆ ಅಜ್ಜಿ ಚಿಕ್ಕಪ್ಪನನ್ನು ಕರೆದು, ಅವಳನ್ನು ತವರಿಗೆ ಬಿಟ್ಟು ಬಾ, ಮೈ ಚುರುಕಾದ ಮೇಲೆ ನಾನೇ ಹೇಳಿ ಕಳಿಸುತ್ತೇನೆ ಎಂದಳು. ನಮ್ಮ ಬೀದಿಯಲ್ಲಿ ಹೀಗೆ ಹೇಳಿ ಕಳಿಸುತ್ತೇನೆ ಎಂದು ಕಳಿಸಿದ ಸೊಸೆಯೊಬ್ಬಳಿದ್ದಳು. ಅವಳಿಗೆ ಯಾರೂ ಹೇಳಿ ಕಳಿಸಿರಲಿಲ್ಲ. ಚಿಕ್ಕಪ್ಪನಿಗೂ ಇದು ಗೊತ್ತಿತ್ತು, ಚಿಕ್ಕಮ್ಮನಿಗೂ ಗೊತ್ತಿತ್ತು, ಶಾಲೆಗೆ ಹೋಗುತ್ತಿದ್ದ ನನಗೂ ಗೊತ್ತಿತ್ತು. ಚಿಕ್ಕಪ್ಪ ತಲೆ ತಗ್ಗಿಸಿ ಗಿರಣಿಯ ಕಲ್ಲು ಕುಟ್ಟಿದ.

ಇನ್ನು ಬರುವುದು ನನ್ನ ಕತೆ. ಬೀಸಿದ ಹಿಟ್ಟು ಗಿರಣಿಯ ಬಾಯಿಂದ ಬೀಳುವಾಗ ಬಿಸಿ ಇರುತ್ತದೆ. ಡಬ್ಬಿಗೆ ತುಂಬಿದರೆ ಡಬ್ಬಿಯೂ ಬಿಸಿ, ಬಹಳ ಹೊತ್ತು ಆರುವುದಿಲ್ಲ. ಕೆಲಸವಿಲ್ಲದ ಹೊತ್ತಿನಲ್ಲಿ ಚಿಕ್ಕಮ್ಮ ಗಿರಣಿಗೆ ಬಂದು ಆ ಡಬ್ಬಿಗಳ ನಡುವೆ ಕೂತು ಎರಡೂ ಅಂಗೈಗಳನ್ನು ತಗಡಿಗೆ ಒತ್ತಿ ಹಿಡಿಯುವುದನ್ನು ನಾನು ನೋಡಿದೆ. ಹಾಗೆ ಕೂತಾಗ ಮಾತ್ರ ಅವಳ ಮುಖ ಸಡಿಲವಾಗುತ್ತಿತ್ತು. ಯಾಕೆ ಹೀಗೆ ಕೂರುತ್ತೀ ಎಂದು ಕೇಳಿದರೆ, ಮೂಳೆ ಒಳಗೆ ಚಳಿ ಮಾರಾಯ ಎಂದಳು. ಮಧ್ಯಾಹ್ನದ ಬಿಸಿಲಿನಲ್ಲಿ ಅಪ್ಪ ಅಂಗಿ ಬಿಚ್ಚಿ ಬೆವರುತ್ತಿದ್ದ ಹೊತ್ತು ಅದು. ನಾನು ಒಳಗೆ ಹೋಗಿ ಬಾಟಲಿ ಎತ್ತಿಕೊಂಡು ಬಂದೆ. ಗಾಜು ನನ್ನ ಕೈಯನ್ನು ಕೊರೆಯುವಷ್ಟು ತಣ್ಣಗಿತ್ತು. ಅದನ್ನು ಯಾರದೋ ಅಕ್ಕಿ ಹಿಟ್ಟಿನ ಡಬ್ಬಿ ಮತ್ತು ಇನ್ಯಾರದೋ ಜೋಳದ ಹಿಟ್ಟಿನ ಡಬ್ಬಿಯ ನಡುವೆ ಇಟ್ಟೆ. ಸಂಜೆಯ ಒಳಗೆ ಮೀನು ರೆಕ್ಕೆ ಬಿಚ್ಚಿತು. ಕನ್ನಡಿ ಹಿಡಿದೆ. ಕಿವಿರು ಅರಳಿಸಿತು, ಸ್ವಲ್ಪವೇ, ನಿದ್ದೆಯಿಂದ ಎಬ್ಬಿಸಿದವರ ಮೇಲೆ ಗೊಣಗುವ ಹಾಗೆ.

ಮರುದಿನ ಬೆಳಗಿನ ಜಾವ ಅಜ್ಜಿ ಹೊಸ ನೀರು ತುಂಬಿದಳು. ಮೀನು ಮತ್ತೆ ತಳಕ್ಕೆ ಹೋಯಿತು. ನಾನು ಮತ್ತೆ ಹಿಟ್ಟಿನ ನಡುವೆ ಇಟ್ಟೆ, ಮತ್ತೆ ಎದ್ದಿತು. ಅಜ್ಜಿ ಮತ್ತೆ ನೀರು ಬದಲಾಯಿಸಿದಳು, ಮತ್ತೆ ಬಿತ್ತು. ಇದು ಎಷ್ಟು ದಿನ ನಡೆಯಿತೋ ಹೇಳಲಾರೆ. ಹೀಗೆ ದಿನಕ್ಕೊಮ್ಮೆ ತಣ್ಣಗೆ, ದಿನಕ್ಕೊಮ್ಮೆ ಬೆಚ್ಚಗೆ ಮಾಡಿದ್ದೂ ಆ ಮೀನಿಗೆ ಹಿಂಸೆಯೇ ಎಂದು ಇವತ್ತು ಗೊತ್ತಿದೆ. ಆದರೆ ಒಂದು ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿ ಪ್ರತಿ ಸಲವೂ ಅದೇ ಉತ್ತರ ಪಡೆಯುವುದು ಏನೆಂದು ನಾನು ಕಲಿತದ್ದು ಅಲ್ಲಿ, ಹಿಟ್ಟಿನ ಡಬ್ಬಿಗಳ ಹತ್ತಿರ. ಆಮೇಲಿನ ಪ್ರಯೋಗಶಾಲೆಗಳು ಅದಕ್ಕೆ ಹೆಸರು ಕೊಟ್ಟವು ಅಷ್ಟೇ.

ಚಿಕ್ಕಮ್ಮನ ಚೀಲ ಕಟ್ಟಿದ ಬೆಳಿಗ್ಗೆ ಅಜ್ಜಿ ಬಾಟಲಿಗೆ ಕೈ ಹಾಕಿದಾಗ ನಾನು ಅದನ್ನು ಎದೆಗೆ ಅವಚಿಕೊಂಡು ಬಚ್ಚಲ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಕೊಡುವುದಿಲ್ಲ ಎಂದೆ. ನೀರು ತಂಗಳಾದರೆ ಆಗಲಿ ಎಂದೆ. ನಮ್ಮ ಮನೆಯಲ್ಲಿ ಆ ಮಾತನ್ನು ಅಲ್ಲಿಯವರೆಗೆ ಯಾರೂ ಆಡಿರಲಿಲ್ಲ. ಅಜ್ಜಿ ನನ್ನ ಕಿವಿ ಹಿಂಡಿದಳು. ನೀರು ಚೆಲ್ಲಿ ನನ್ನ ಅಂಗಿ ನೆನೆಯಿತು. ಆಗ ನಾನು, ಅದು ಸೋಮಾರಿ ಅಲ್ಲ ಅಜ್ಜಿ, ಅದಕ್ಕೆ ಚಳಿ ಎಂದು ಕೂಗಿದೆ. ಕೂಗಿದೆ ಎಂದು ನನ್ನ ನಂಬಿಕೆ. ನಾನು ಬರೀ ಅಳುತ್ತಿದ್ದೆ, ಮಾತೇ ಆಡಲಿಲ್ಲ ಎಂದು ಅಮ್ಮ ಹೇಳುತ್ತಾಳೆ. ಇರಬಹುದು. ಚಿಕ್ಕಮ್ಮ ಚೀಲ ಹಿಡಿದು ನಿಂತಲ್ಲಿಂದಲೇ ಹೇಳಿದ ಮಾತಿನ ಬಗ್ಗೆ ಮಾತ್ರ ಯಾರಿಗೂ ತಕರಾರಿಲ್ಲ:

"ನಂಗೂ ಹಾಂಗೇ ಅತ್ತೆ. ಏಳ್ಬೇಕು ಅಂತ ಮನಸ್ಸುಂಟು. ಮೈ ಏಳೂದಿಲ್ಲ."

ಅಜ್ಜಿ ನನ್ನ ಕಿವಿ ಬಿಟ್ಟಳು. ಬಾಟಲಿಯನ್ನು ಕಸಿದುಕೊಳ್ಳಲಿಲ್ಲ. ಆದರೆ ಆಜ್ಞೆಯನ್ನು ಹಿಂದೆಯೂ ತೆಗೆದುಕೊಳ್ಳಲಿಲ್ಲ. ಚಿಕ್ಕಪ್ಪ ಚೀಲ ಎತ್ತಿಕೊಂಡ, ಇಬ್ಬರೂ ಬಸ್ ನಿಲ್ದಾಣಕ್ಕೆ ಹೋದರು. ಅಲ್ಲಿ ನಡೆದದ್ದನ್ನು ನಾನು ಕಂಡಿಲ್ಲ. ಚಿಕ್ಕಪ್ಪ ಮುಚ್ಚುಮರೆಯಿಲ್ಲದೆ ತನ್ನ ಮೇಲೆಯೇ ನಕ್ಕುಕೊಂಡು ಹೇಳುವುದರಿಂದ ಅದನ್ನು ನಂಬುತ್ತೇನೆ. ಶಿರಾಳಕೊಪ್ಪದ ಮೇಲೆ ಆನವಟ್ಟಿಗೆ ಹೋಗುವ ಬಸ್ಸು ಬಂತು. ಚಿಕ್ಕಪ್ಪ ಹತ್ತಿ ಸೀಟು ಹಿಡಿದು ಕಿಟಕಿಯಿಂದ ಕರೆದ. ಅವಳು ಹತ್ತಲಿಲ್ಲ. ಕಿಟಕಿಯ ಕೆಳಗೆ ನಿಂತು, ಬಸ್ಸಿನವರೆಲ್ಲ ಕೇಳುವ ಹಾಗೆ ಹೇಳಿದಳು:

"ಅಲ್ಲಿ ಹೋದ್ರೂ ನಾನು ಮಲಗೂದೇ ರೀ. ಮಲಗಕ್ಕೆ ಅಷ್ಟು ದೂರ ಎಂತಕ್ಕೆ ಹೋಗ್ಬೇಕು? ಇಳೀರಿ, ಆಸ್ಪತ್ರೆಗೆ ಹೋಗುವ."

ಹೇಳಿ ತಿರುಗಿ ನೋಡದೆ ನಡೆದಳು. ಚಿಕ್ಕಪ್ಪ ಚೀಲ ಹಿಡಿದು ಹಿಂದೆ ಓಡಿದ. ಮದುವೆಯಾದ ಮೇಲೆ ತಾನು ಮಾಡಿದ ಮೊದಲ ಒಳ್ಳೆಯ ಕೆಲಸ ಆ ಬಸ್ಸಿನಿಂದ ಇಳಿದದ್ದು ಎಂದು ಅವನು ಇವತ್ತಿಗೂ ಹೇಳುತ್ತಾನೆ. ಆಸ್ಪತ್ರೆಯವರು ರಕ್ತ ತೆಗೆದು ಪರೀಕ್ಷೆಗೆ ಶಿವಮೊಗ್ಗಕ್ಕೆ ಕಳಿಸಿದರು. ಥೈರಾಯ್ಡ್. ಕತ್ತಿನಲ್ಲಿರುವ ಒಂದು ಗ್ರಂಥಿ ತನ್ನ ಕೆಲಸ ಬಿಟ್ಟಿತ್ತು. ನಮ್ಮ ಇಡೀ ಮನೆಯಲ್ಲಿ ನಿಜವಾಗಿ ಸೋಮಾರಿಯಾಗಿದ್ದದ್ದು ಅದೊಂದೇ. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಸಣ್ಣ ಬಿಳಿ ಮಾತ್ರೆ, ಆಮೇಲೆ ಸ್ವಲ್ಪ ಹೊತ್ತು ಚಹಾ ಕೂಡ ಇಲ್ಲ.

ಪರೀಕ್ಷೆಗೆ ರಕ್ತ ಕೊಟ್ಟು ಬಂದ ಆ ಸಂಜೆಯೇ ಅಜ್ಜಿ ಸೊಸೆಯನ್ನೂ ಬಾಟಲಿಯನ್ನೂ ಅಕ್ಕಪಕ್ಕ ಕೂರಿಸಿ ದೃಷ್ಟಿ ತೆಗೆದಳು. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಮೆಣಸಿನಕಾಯಿಯ ಘಾಟಿಗೆ ಎಲ್ಲರೂ ಕೆಮ್ಮಿದೆವು, ಅಜ್ಜಿಯ ಕಣ್ಣಲ್ಲೂ ನೀರು ಬಂತು. ಅದು ಘಾಟಿನದೇ ಇರಬೇಕು. ಆಮೇಲೆ ಅವಳು ಬಾಟಲಿಯ ನೀರು ಮುಟ್ಟಲಿಲ್ಲ. ಬಾಟಲಿ ಗಿರಣಿಯ ಡಬ್ಬಿಗಳ ಹತ್ತಿರವೇ ಉಳಿಯಿತು, ಹಿಂದಿನ ದಿನ ಹಿಡಿದಿಟ್ಟ ನೀರು ಅದಕ್ಕೆ ಸಿಕ್ಕಿತು. ಆ ಮನೆಯಲ್ಲಿ ತಂಗಳು ನೀರಿನ ಹಕ್ಕು ಪಡೆದ ಏಕೈಕ ಜೀವ ಅದು. ಮಾತ್ರೆ ತನ್ನ ಕೆಲಸಕ್ಕೆ ವಾರಗಳನ್ನೇ ತೆಗೆದುಕೊಂಡಿತು. ಬಳಗದವರ ಕತೆಯಲ್ಲಿ ಆ ವಾರಗಳು ಇಲ್ಲ, ಮಾತ್ರೆಯೂ ಇಲ್ಲ, ಬಸ್ ನಿಲ್ದಾಣವಂತೂ ಇಲ್ಲವೇ ಇಲ್ಲ. ನನ್ನ ಸಿಟ್ಟು ಅಜ್ಜಿಯ ಮೇಲಲ್ಲ. ಬಸ್ಸು ಹತ್ತದೆ ನಿಂತ ಒಬ್ಬ ಹೆಂಗಸಿನ ಧೈರ್ಯವನ್ನು ಕಿತ್ತು ಒಂದು ಹಿಡಿ ಉಪ್ಪಿಗೆ ಕೊಡುವ ಆ ಕತೆಯ ಮೇಲೆ. ಅಂದಿನಿಂದ ಇಂದಿನವರೆಗೆ ಯಾರನ್ನೂ ನಾನು ಸೋಮಾರಿ ಎಂದು ಕರೆದಿಲ್ಲ. ಯಾರಾದರೂ ನನ್ನೆದುರು ಆ ಪದ ಬಳಸಿದರೆ, ಪರೀಕ್ಷೆ ಮಾಡಿಸಿದ್ದೀರಾ ಎಂದು ಕೇಳುತ್ತೇನೆ. ಇದರಿಂದ ಸ್ನೇಹಿತರನ್ನು ಕಳೆದುಕೊಂಡಿದ್ದೇನೆ. ಪರವಾಗಿಲ್ಲ.

ಆದರೆ ಮುಳ್ಳು ಇದೆಯಲ್ಲ. ಹಿಟ್ಟಿನ ಹತ್ತಿರ ಇಟ್ಟೆ, ಮೀನು ಎದ್ದಿತು ಎನ್ನುವ ನಾನು, ದೃಷ್ಟಿ ತೆಗೆದಳು, ಮೀನು ಎದ್ದಿತು ಎನ್ನುವ ಬಳಗಕ್ಕಿಂತ ಯಾವುದರಲ್ಲಿ ಬೇರೆ? ನನ್ನಲ್ಲಿ ಇರುವುದೂ ಒಬ್ಬ ಹುಡುಗನ ನೆನಪು ಮಾತ್ರ, ಅದೂ ಮದುಮಗಳ ಕೈಗೆ ಬಾಟಲಿ ಕೊಡುವಂಥ ನೆನಪು. ಆ ಕಿಟಕಿ ನಿಜಕ್ಕೂ ಅಷ್ಟು ತಣ್ಣಗಿತ್ತೇ? ಬಯಲುಸೀಮೆಯ ಅಂಚಿನ ಊರು ನಮ್ಮದು, ಹಿಮ ಬೀಳುವ ಜಾಗವಲ್ಲ. ಬರೆಯಲು ಕೂತ ಮೇಲೆ ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಹಾಗಾಗಿ ಈ ಸಲದ ಪುಷ್ಯಮಾಸದಲ್ಲಿ ಒಂದು ಥರ್ಮಾಮೀಟರ್ ತೆಗೆದುಕೊಂಡು ಶಿಕಾರಿಪುರಕ್ಕೆ ಹೋದೆ. ಗಿರಣಿಯ ಕಲ್ಲುಗಳು ಈಗ ಅಂಗಳದಲ್ಲಿ ಬಟ್ಟೆ ಒಗೆಯುವ ಜಾಗದಲ್ಲಿವೆ, ಅವುಗಳ ಬದಲು ಒಂದು ಸಣ್ಣ ಯಂತ್ರ ಬಂದಿದೆ. ನಡುಮನೆಯ ಕಿಟಕಿ, ಅದರ ಕಡಪ ಕಲ್ಲು ಹಾಗೇ ಇವೆ. ನಲ್ಲಿ ನೀರು ಇಂದಿಗೂ ಬೆಳಗಿನ ಜಾವವೇ ಬರುತ್ತದೆ. ಚಿಕ್ಕಮ್ಮ ಮಾತ್ರೆ ನುಂಗಿ, ಚಹಾಕ್ಕೆ ಕಾಯುತ್ತ, ಒಂದು ಗಾಜಿನ ಬಾಟಲಿಗೆ ನೀರು ಹಿಡಿದು ತಂದು ಕಲ್ಲಿನ ಮೇಲೆ ಇಟ್ಟಳು. ನಾನು ಥರ್ಮಾಮೀಟರ್ ಇಳಿಬಿಟ್ಟೆ. ಇಬ್ಬರೂ ಸ್ವೆಟರ್ ಹಾಕಿಕೊಂಡು ಅದರ ಮುಂದೆ ನಿಂತೆವು. ಎಷ್ಟು ಬಂತು ಎಂದು ಕೇಳಿದಳು. ತೋರಿಸಿದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು.

"ಅತ್ತೆ ಇರ್ಬೇಕಿತ್ತು," ಎಂದಳು. "ತೋರಿಸಿದ್ರೆ ಥರ್ಮಾಮೀಟ್ರಿಗೇ ದೃಷ್ಟಿ ತೆಗೀತಿದ್ರು."

ಮೀನಿನ ಬಾಲದ ಬಣ್ಣ, ನಾನು ಕೂಗಿದೆನೋ ಅತ್ತೆನೋ ಎಂಬುದು, ಬಾಟಲಿ ಯಾವಾಗ ಬಂತು ಎಂಬುದು, ಇವೆಲ್ಲದರ ಬಗ್ಗೆ ಯಾರು ಏನು ಬೇಕಾದರೂ ಹೇಳಿಕೊಳ್ಳಲಿ. ಫೈಟರ್ ಮೀನು ಚುರುಕಾಗಿರಲು ನೀರು ಇಪ್ಪತ್ತೈದು ಡಿಗ್ರಿಯ ಆಸುಪಾಸು ಬೆಚ್ಚಗಿರಬೇಕು. ಪುಷ್ಯದ ಬೆಳಿಗ್ಗೆ, ನಮ್ಮ ನಡುಮನೆಯ ಕಿಟಕಿಯ ಕಲ್ಲಿನ ಮೇಲೆ, ಆಗಷ್ಟೇ ಹಿಡಿದಿಟ್ಟ ಹೊಸ ನೀರು ಹದಿನೆಂಟು ಡಿಗ್ರಿ ಇತ್ತು.